‘ಒಣಗು’ ಬರೆದವರು

“ಅಕ್ಕಾರು ಹೋದ್ರಂತ,” ಎಂದು ಬಸವರಾಜ ಫೋನಿನಲ್ಲಿ ಹೇಳಿದಾಗ ನಾನು “ಎಲ್ಲಿಗೆ?” ಎಂದು ಕೇಳಿದೆನಂತೆ. ಅವನು ಈಗಲೂ ಅದನ್ನು ಎತ್ತಿ ಆಡುತ್ತಾನೆ. ನನಗೆ ಹಾಗೆ ಕೇಳಿದ ನೆನಪಿಲ್ಲ. ಫೋನ್ ಇಟ್ಟು, ಅರ್ಧ ಬರೆದಿದ್ದ ಸಾಲನ್ನು ಪೂರ್ತಿ ಮಾಡಿ, ಪ್ರೋಗ್ರಾಮ್ ಓಡುತ್ತದೆಯೇ ಎಂದು ನೋಡಿದ್ದು ಮಾತ್ರ ನೆನಪಿದೆ. ಓಡಿತು. ಆಮೇಲೆ ಊಟಕ್ಕೆ ಹೋದೆ.

ದುಃಖವಾಗಲಿಲ್ಲ ಎಂದು ಬರೆದರೆ, ಮುಂದಿನ ಪುಟದಲ್ಲಿ ಆಗಲಿರುವ ದುಃಖಕ್ಕೆ ಇದು ಪೀಠಿಕೆ ಎಂದು ಓದುವವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ತಿಂಗಳು ಕಳೆಯಿತು, ಇನ್ನೂ ಏನೂ ಆಗಿಲ್ಲ. ಸಂತಾಪ ಸಭೆಯಲ್ಲಿ ಎರಡು ಮಾತು ಹೇಳಿ ಎಂದರು, ನಿಂತು ಏನೋ ಹೇಳಿ ಕುಳಿತೆ. ಹೇಳಿದ್ದೇನೆಂದು ಈಗ ಕೇಳಿದರೆ ಗೊತ್ತಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ, ಇರುವಷ್ಟನ್ನು, ಅನುಮಾನದ ಸಮೇತ.

ನಾವು ದಾಂಡೇಲಿಯಲ್ಲಿ ಕಟ್ಟಿಗೆ ಒಣಗಿಸುವ ಭಟ್ಟಿಯೊಂದರಲ್ಲಿ ಕೆಲಸ ಮಾಡುವವರು. ಭಟ್ಟಿಯನ್ನು ನೋಡಿಕೊಳ್ಳುವವನು ಬಸವರಾಜ, ಹಳಿಯಾಳದವನು. ಯಾವ ಹೊತ್ತಿನಲ್ಲಿ ಎಷ್ಟು ಶಾಖ ಕೊಡಬೇಕು, ಎಷ್ಟು ಹಬೆ ಬಿಡಬೇಕು ಎಂದು ಭಟ್ಟಿಗೆ ಹೇಳುವ ಪ್ರೋಗ್ರಾಮ್ ಬರೆಯುವವನು ನಾನು. ಧಾರವಾಡದಲ್ಲಿ ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟು, ಆಮೇಲೆ ಹಿಡಿದ ಕೆಲಸಗಳನ್ನೂ ಬಿಟ್ಟು, ಇಲ್ಲಿಗೆ ಬಂದು ಸೇರಿದವನು. ಅಕ್ಕಾರು ನಮ್ಮಿಬ್ಬರಿಗೂ ಕಲಿಸಿದವರಲ್ಲ. ಊರಿನ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಕಾಲೇಜಿನ ಕೆಲಸಕ್ಕೆ ಸೇರುವ ಮೊದಲು, ಈಗಿನ ಸಾವ್ಕಾರರ ತಂದೆಯ ಕಾಲದಲ್ಲಿ, ಅವರು ಇದೇ ಭಟ್ಟಿಗೆಂದು ಫೋರ್ಟ್ರಾನ್ ಭಾಷೆಯಲ್ಲಿ ಒಂದು ಲೆಕ್ಕ ಬರೆದುಕೊಟ್ಟಿದ್ದರು. ಹಲಗೆಯೊಳಗಿನ ನೀರು ಹೇಗೆ ಹೊರಗೆ ಬರುತ್ತದೆ ಎನ್ನುವ ಲೆಕ್ಕ. ಅದಕ್ಕಿಟ್ಟ ಹೆಸರು ‘ಒಣಗು’.

ಬರೆದುಕೊಟ್ಟಿದ್ದರು ಎಂದು ಸಲೀಸಾಗಿ ಬರೆದುಬಿಟ್ಟೆ. ಇಡೀ ತಕರಾರು ಇದ್ದದ್ದೇ ಆ ಮಾತಿನ ಮೇಲೆ. ಆ ದಿನಗಳಲ್ಲಿ ಧಾರವಾಡದಿಂದ ಒಬ್ಬ ಪ್ರೊಫೆಸರರು ಬಂದು ಕೆಲವು ದಿನ ಭಟ್ಟಿಯಲ್ಲಿ ಕುಳಿತಿದ್ದರಂತೆ. ಲೆಕ್ಕ ಅವರದ್ದು, ಅಕ್ಕಾರು ಟೈಪ್ ಮಾಡಿದ್ದಷ್ಟೇ ಎಂದು ಸಾವ್ಕಾರರ ಮನೆಯಲ್ಲಿ ಒಂದು ಮಾತು ಉಳಿದುಕೊಂಡಿತ್ತು. ಯಾರೂ ಅವರ ಎದುರಿಗೆ ಅದನ್ನು ಆಡಿರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು. ಮಾತಿಗೊಮ್ಮೆ “ನಾ ಬರದದ್ದು” ಎನ್ನುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅಕ್ಕಾರು ಆಳು ಕುಳ್ಳಗಿದ್ದರು, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸುತ್ತಿದ್ದರು, ಚಳಿಗಾಲದಲ್ಲಿ ಹಸಿರು ಸ್ವೆಟರ್ ಹಾಕುತ್ತಿದ್ದರು. ಬಸವರಾಜ ಇದನ್ನು ಓದಿ, ಸ್ವೆಟರ್ ಎಲ್ಲಿತ್ತು, ಶಾಲು ಹೊದೀತಿದ್ರು ಎಂದ. ಇರಬಹುದು. ಚಹ ಅರ್ಧ ಕಪ್ ಸಾಕು ಎನ್ನುತ್ತಿದ್ದರು, ಸ್ವಲ್ಪ ಹೊತ್ತಿಗೆ ಇನ್ನೊಂದು ಅರ್ಧ ಕೇಳುತ್ತಿದ್ದರು. “ಒಮ್ಮೆಗೇ ಪೂರ್ತಿ ತಗೋಬಾರದೇನ್ರಿ ಅಕ್ಕಾರ?” ಎಂದರೆ, “ಪೂರ್ತಿ ಕುಡದ್ರ ಚಟ ಆಕ್ಕೈತ್ರಿ,” ಎನ್ನುತ್ತಿದ್ದರು. ಹಲಗೆಗಳ ಅಟ್ಟಿಯ ಪಕ್ಕ ಹಾದು ಹೋಗುವಾಗ ಕಲ್ಲಂಗಡಿ ಆರಿಸುವವರಂತೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಅದರಿಂದ ನಿಜವಾಗಿ ಏನಾದರೂ ತಿಳಿಯುತ್ತಿತ್ತೋ, ನೋಡುವವರಿಗಾಗಿ ತಟ್ಟುತ್ತಿದ್ದರೋ ಹೇಳಲಾರೆ. ತಾವು ಹೇಳಿದ್ದು ತಪ್ಪಾಗಬಹುದು ಎಂಬ ಯೋಚನೆ ಅವರಿಗೆ ಬರುತ್ತಿದ್ದದ್ದು ಕಡಿಮೆ. ತವರು ಸನವಳ್ಳಿಗೆ ಹೋಗುವಾಗ ಮುಂಡಗೋಡದ ಬಸ್ಸಿನ ವೇಳೆಯನ್ನು ಗಟ್ಟಿಯಾಗಿ ಹೇಳುತ್ತಿದ್ದರು. ನಿಲ್ದಾಣಕ್ಕೆ ಹೋಗಿ, ಬಸ್ಸು ಹೋಗಿಬಿಟ್ಟಿದ್ದಕ್ಕೆ ಕಂಟ್ರೋಲರನನ್ನು ಬೈದು ಬರುತ್ತಿದ್ದರು. ಬಸ್ಸು ತಪ್ಪು, ತಾವಲ್ಲ.

ಎಲ್ಲರಿಗೂ ‘ರೀ’ ಹಚ್ಚಿಯೇ ಮಾತಾಡುತ್ತಿದ್ದರು, ಬೈಯುವಾಗಲಂತೂ ತಪ್ಪದೆ. ನನ್ನ ಮೊದಲ ಪರಿಚಯವೇ ಹಾಗೆ ಆಯಿತು.

‘ಒಣಗು’ವಿನ ಮೂಲ ಬರಹ ಆ ಹೊತ್ತಿಗೆ ಉಳಿದಿರಲಿಲ್ಲ. ಫ್ಲಾಪಿಗಳಿಗೆ ಬೂಷ್ಟು ಹಿಡಿದು ಹೋಗಿದ್ದವು. ಅದಕ್ಕೂ ಮೊದಲೇ ಒಂದು ಹಳೆಯ ಲಿನಕ್ಸ್ ಯಂತ್ರದಲ್ಲಿ ಕಂಪೈಲ್ ಮಾಡಿಟ್ಟ ಫೈಲು ಮಾತ್ರ ಇತ್ತು. ಯಂತ್ರಕ್ಕೆ ಅರ್ಥವಾಗುವ, ಮನುಷ್ಯರು ಓದಲಾಗದ ಫೈಲು. ನಾನು ಹೊಸ ಪ್ರೋಗ್ರಾಮನ್ನು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಬರೆಯುತ್ತಿದ್ದೆ. ಬೀಗ ಹಾಕಿದ ಪೆಟ್ಟಿಗೆಯಂತಿದ್ದ ಆ ಹಳೆಯ ಲೆಕ್ಕವನ್ನು ಒಡೆಯದೆ, ಹೊಸ ಭಾಷೆಯಿಂದ ಹೆಸರು ಹಿಡಿದು ಕರೆಯಬೇಕಿತ್ತು. ಕರೆದೆ. ಅಂಥ ಹೆಸರಿನದು ಯಾವುದೂ ಇಲ್ಲ ಎಂದು ಯಂತ್ರ ಹೇಳಿತು. ದಿನವಿಡೀ ಕರೆದೆ. ಕೊನೆಗೆ ಸಾವ್ಕಾರರು ಅಕ್ಕಾರರಿಗೆ ಹೇಳಿಕಳಿಸಿದರು.

ಬಂದವರು ನನ್ನ ಹಿಂದೆ ನಿಂತು ಪರದೆ ನೋಡಿದರು.

“ಏನಂತ ಕರ್ಯಾಕತ್ತೀರಿ?”

“ಒಣಗು ಅಂತ್ರಿ.”

“ವಯಸ್ಸಾದಾಕಿಗೆ ‘ಒಣಗು’ ಅಂದ್ರ ಹೆಂಗ ಓ ಅಂತಾಳ್ರಿ? ಮುಂದ ಒಂದು ಬಾಲ ಹಚ್ರಿ. ‘ಒಣಗ್ರಿ’ ಅನ್ರಿ.”

ಬಸವರಾಜ ಬಾಗಿಲಲ್ಲಿ ನಿಂತು ನಕ್ಕ. ನನಗೆ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತು. ತಮಾಷೆಯೂ ಹೌದು, ಅಲ್ಲವೂ ಹೌದು. ಆ ಕಾಲದ ಫೋರ್ಟ್ರಾನ್ ಕಂಪೈಲರು ಪ್ರತಿ ಹೆಸರಿನ ಕೊನೆಗೆ ತಾನಾಗಿ ಒಂದು ಅಡಿಗೆರೆ, ಅಂದರೆ ಅಂಡರ್‌ಸ್ಕೋರ್, ಸೇರಿಸಿ ಇಡುತ್ತಿತ್ತು. ಹೊರಗಿನವರು ಕರೆಯುವಾಗ ಆ ಗೆರೆಯನ್ನೂ ಸೇರಿಸಿ ಕರೆಯಬೇಕು. ಸೇರಿಸಿದೆ. ಲೆಕ್ಕ ಓಗೊಟ್ಟಿತು.

“ನೋಡ್ರಿ,” ಎಂದರು ಅಕ್ಕಾರು, “ಮರ್ಯಾದಿ ಕೊಟ್ರ ಮುದುಕೇರೂ ಕೆಲಸ ಮಾಡ್ತಾರ. ಇದನ್ನ ಯಾವ ಯುನಿವರ್ಸಿಟ್ಯಾಗೂ ಕಲಿಸೂದಿಲ್ಲೇನು?”

ಅಂದಿನಿಂದ ಅವರು ಆಗಾಗ ಬರತೊಡಗಿದರು. ನನ್ನನ್ನು ‘ಯುನಿವರ್ಸಿಟಿಯವ್ರು’ ಎಂದೇ ಕರೆಯುತ್ತಿದ್ದರು. ಫೋರ್ಟ್ರಾನ್‌ಗೆ ಸಂಖ್ಯೆಯನ್ನು ಕೈಗೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಸಂಖ್ಯೆ ಎಲ್ಲಿದೆ ಎಂಬ ವಿಳಾಸ ಕೊಡಬೇಕು ಎಂದು ತಿಳಿಸಿದವರು ಅವರು. ಇನ್ನೊಂದು ಸಲ ನಾನು ಹಲಗೆಯ ತೇವದ ಕೋಷ್ಟಕವನ್ನು ಅಡ್ಡ ಸಾಲುಗಳಲ್ಲಿ ಕೊಟ್ಟಿದ್ದೆ. ಫೋರ್ಟ್ರಾನ್ ಅದನ್ನು ಮೇಲಿನಿಂದ ಕೆಳಕ್ಕೆ, ಕಂಬಗಳಾಗಿ ಓದುತ್ತದೆ. ಉತ್ತರ ಬಂತು, ಪರದೆಯ ಮೇಲೆ ಚಂದದ ಚಿತ್ರವೂ ಮೂಡಿತು. ಅಕ್ಕಾರು ಕನ್ನಡಕ ಏರಿಸಿ ನೋಡಿ, “ಯಪ್ಪಾ, ನಿಮ್ಮ ಹಲಗಿ ನಡುವಿಂದ ಒಣಗಾಕತ್ತೈತಲ್ರಿ! ಅದರ ಹೊಟ್ಟ್ಯಾಗ ಒಲಿ ಹಚ್ಚೀರೇನು?” ಎಂದರು. ಹೊರಮೈ ಹಸಿ, ಒಳಗೆ ಒಣ. ಲೋಕದಲ್ಲಿ ಎಲ್ಲೂ ಇಲ್ಲದ ಹಲಗೆ. ಬಸವರಾಜ ಎರಡು ವಾರ ನನಗೆ ಅದೇ ಹೇಳಿ ಕಾಡಿದ.

ಹೊಸ ಪ್ರೋಗ್ರಾಮಿನ ಮೊದಲ ಪುಟದಲ್ಲಿ ಯಾವ ಭಾಗ ಯಾರು ಮಾಡಿದ್ದು ಎಂದು ಹೆಸರು ಹಾಕಬೇಕು ಎಂದು ಸಾವ್ಕಾರರು ಹೇಳಿದ್ದು ಆ ಹೊತ್ತಿನಲ್ಲೇ. ನನ್ನ ಹೆಸರು ಹಾಕಿದೆ, ಬಸವರಾಜನದು ಹಾಕಿದೆ. ‘ಒಣಗು’ ಎಂದು ಬರೆದು ಅಕ್ಕಾರರ ಹೆಸರು ಹಾಕಲು ಹೋದಾಗ ಸಾವ್ಕಾರರು, “ಅದೊಂದು ತಡೀರಿ. ಖಾತ್ರಿ ಆದಮ್ಯಾಲ ಹಾಕೂಣು,” ಎಂದರು. ಅಕ್ಕಾರು ಅಲ್ಲೇ ಕುಳಿತಿದ್ದರು. ಚಹದ ಕಪ್ಪನ್ನು ಕೆಳಗಿಟ್ಟು, “ಖಾತ್ರಿ ಮಾಡ್ಕೋರಿ. ನಾ ಎಲ್ಲಿ ಹೋಗಾಕತ್ತೀನಿ?” ಎಂದರು. ಆ ದಿನ ಇನ್ನೊಂದು ಅರ್ಧ ಕಪ್ ಕೇಳಲಿಲ್ಲ. ಅಥವಾ ಕೇಳಿದ್ದರೋ. ಕೇಳಲಿಲ್ಲ ಎಂದರೆ ಕಥೆ ಚೆನ್ನಾಗಿರುತ್ತದೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಖಾತ್ರಿಯಾಗುವ ಸಂದರ್ಭ ತಾನಾಗಿ ಬಂತು. ಕ್ಯಾಸಲ್‌ರಾಕ್‌ನ ಹಳೆಯ ಬಂಗಲೆಯೊಂದರ ಬಾಗಿಲುಗಳಿಗೆ ದಪ್ಪ ಸಾಗವಾನಿ ಹಲಗೆಗಳು ಭಟ್ಟಿಗೆ ಬಂದಿದ್ದವು. ದಪ್ಪ ಹಲಗೆಯನ್ನು ಅವಸರದಲ್ಲಿ ಒಣಗಿಸಿದರೆ ಸೀಳುತ್ತದೆ. ಹೊಸ ಪ್ರೋಗ್ರಾಮಿನ ಮೇಲೆ ಓಡಿಸುವ ಮೊದಲ ಲೋಡು ಅದು. ಪರೀಕ್ಷೆ ಮಾಡೋಣ ಎಂದು ಒಂದೇ ಸಂಖ್ಯೆಗಳನ್ನು ಕೊಟ್ಟು ಎರಡು ಸಲ ‘ಒಣಗು’ವನ್ನು ಕರೆದೆ. ಎರಡು ಬೇರೆ ಉತ್ತರ ಬಂದವು.

ಇದು ಎಂಥ ಆಪತ್ತು ಎಂದು ಸ್ವಲ್ಪ ಹೇಳಬೇಕು. ನಾನು ಬಳಸುತ್ತಿದ್ದ ಭಾಷೆಯಲ್ಲಿ ಫಂಕ್ಷನ್ ಎಂದರೆ ಗಣಿತದ ಫಂಕ್ಷನ್. ಅದೇ ಸಂಖ್ಯೆ ಕೊಟ್ಟರೆ ಅದೇ ಉತ್ತರ, ಯಾವಾಗ ಕೇಳಿದರೂ. ಆ ಭರವಸೆಯ ಮೇಲೆ ಭಾಷೆ ತನಗೆ ಬೇಕಾದಾಗ, ಬೇಕಾದ ಕ್ರಮದಲ್ಲಿ ಲೆಕ್ಕ ಮಾಡುತ್ತದೆ. ಒಮ್ಮೆ ಮಾಡಿದ್ದನ್ನು ಮತ್ತೆ ಮಾಡದೆಯೂ ಇರುತ್ತದೆ. ‘ಒಣಗು’ ಅಂಥದ್ದೇ ಎಂದು ನಾವು ಭಾಷೆಗೆ ಮಾತು ಕೊಟ್ಟಿದ್ದೆವು. ಹೊರಗಿನಿಂದ ಬಂದ ಹಳೆಯ ಲೆಕ್ಕದ ವಿಷಯದಲ್ಲಿ ನಾವು ಕೊಟ್ಟ ಮಾತನ್ನು ಭಾಷೆ ಪರೀಕ್ಷಿಸುವುದಿಲ್ಲ, ನಂಬುತ್ತದೆ ಅಷ್ಟೆ.

“ಇದಕ್ಕ ತೆಲಿ ಕೆಟ್ಟೈತಿ,” ಎಂದ ಬಸವರಾಜ.

ನಾನು ಅಕ್ಕಾರರನ್ನು ಕೇಳಿದೆ. ಸಾವ್ಕಾರರೂ ಕೋಣೆಯಲ್ಲಿದ್ದರು. “ಅಕ್ಕಾರ, ಒಣಗು ಹಿಂದಿನ ಸಲದ್ದು ಏನರೆ ಒಳಗ ಇಟ್ಕೋತೈತೇನ್ರಿ?”

“ಇಲ್ರಿ.”

“ಏನೂ ಇಲ್ಲ?”

“ಲೆಕ್ಕ ಮುಗೀತು, ಪಾಟಿ ಒರಸಿತು. ಮುಂದಿನ ಸಲ ಹೊಸಾದು. ನಾ ಬರದದ್ದು ನನಗ ಗೊತ್ತಿಲ್ಲೇನು?” ಬಸ್ಸಿನ ವೇಳೆ ಹೇಳುವಾಗಿನ ಅದೇ ಗಟ್ಟಿ ದನಿ.

ನಾನು ಪುರಾವೆ ಕೇಳುವ ಜಾತಿ. ಕಂಪೈಲ್ ಆದ ಫೈಲನ್ನು ತೆರೆದು, ಯಂತ್ರದ ಒಂದೊಂದೇ ಆಜ್ಞೆಯನ್ನು ಓದುತ್ತ ಹೋದೆ. ಬೇಸರದ ಕೆಲಸ. ಸಿಕ್ಕಿತು. ಲೆಕ್ಕ ಮುಗಿಯುವಾಗ ‘ಒಣಗು’ ಒಂದು ಮೂಲೆಯಲ್ಲಿ ಒಂದು ಸಂಖ್ಯೆ ಇಡುತ್ತಿತ್ತು. ಮುಂದಿನ ಸಲ ಕರೆದಾಗ ಎಲ್ಲಕ್ಕಿಂತ ಮೊದಲು ಅದನ್ನೇ ತೆಗೆದು ನೋಡುತ್ತಿತ್ತು. ಸ್ಲೇಟು ಒರೆಸುತ್ತಿರಲಿಲ್ಲ. ತೋರಿಸಿದೆ. ಅಕ್ಕಾರು ಬಗ್ಗಿ ನೋಡಿದರು.

“ಅದು ನಂದಲ್ಲ,” ಎಂದರು.

ಸಾವ್ಕಾರರು ದನಿ ಎತ್ತರಿಸಲಿಲ್ಲ. “ಇರ್ಲಿ ಬಿಡ್ರಿ ಅಕ್ಕಾರ, ಆಗ ಪ್ರೊಫೆಸರ್ರು ಬಂದು ಕೂತಿದ್ರಲ್ಲ, ಅವರು ಹಾಕಿರಬೇಕು,” ಎಂದರು. ಸಮಾಧಾನ ಮಾಡುವವರ ಹಾಗೆ. ಒಂದು ಸಂಖ್ಯೆ ಅಕ್ಕಾರರದಲ್ಲ ಎಂದ ಮೇಲೆ ಉಳಿದದ್ದೂ ಅವರದಲ್ಲ ಎಂದು ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಅಕ್ಕಾರು ಚೀಲ ತೆಗೆದುಕೊಂಡು ಎದ್ದರು. “ಬರ್ತೇನ್ರಿ,” ಎಂದರು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ.

ಕೆಲವು ದಿನ ಬರಲಿಲ್ಲ. ಸನವಳ್ಳಿಗೆ ಹೋಗಿದ್ದರೆಂದು ಆಮೇಲೆ ತಿಳಿಯಿತು. ಆಗಲೂ ನನಗೆ ಏನೂ ಅನ್ನಿಸಿರಲಿಲ್ಲ. ತಪ್ಪು ಎಲ್ಲಿದೆ ಎಂದು ಸಿಕ್ಕಿತಲ್ಲ ಎಂಬ ಒಣ ಸಮಾಧಾನ ಮಾತ್ರ ಇತ್ತು.

ಅವರು ಮತ್ತೆ ಬಂದ ದಿನ ಬಸವರಾಜ ಒಂದು ಹಲಗೆಯ ತುದಿಯಿಂದ ಪರೀಕ್ಷೆಯ ತುಂಡು ಕೊಯ್ಯುತ್ತಿದ್ದ. ಹಳೆಯ ಲೋಡಿನ, ಕೈಬಿಟ್ಟ ಹಲಗೆ. ಮೊದಲ ದಿನವೇ ಶಾಖ ಹೆಚ್ಚಾಗಿತ್ತಂತೆ. ತುಂಡನ್ನು ಎರಡು ಹಲ್ಲಿನ ಫೋರ್ಕಿನ ಹಾಗೆ ಕೊಯ್ಯುತ್ತಾರೆ. ಹಲ್ಲುಗಳು ನೆಟ್ಟಗಿದ್ದರೆ ಹಲಗೆ ಒಳ್ಳೆಯದು, ಒಳಕ್ಕೆ ಬಾಗಿದರೆ ಒಳಗೆ ಬಿಗಿತ ಉಳಿದಿದೆ ಎಂದರ್ಥ. ಗರಗಸ ಬಿಟ್ಟೊಡನೆ ಎರಡೂ ಹಲ್ಲು ಒಂದನ್ನೊಂದು ಮುಟ್ಟುವಂತೆ ಬಾಗಿದವು. ಅಕ್ಕಾರು ತುಂಡನ್ನು ಕೈಗೆ ತೆಗೆದುಕೊಂಡರು.

“ಇದಕ್ಕ ಬ್ಯಾನಿ ಯಾವಾಗ ಆಗಿದ್ದು?”

“ಮೊದಲನೇ ದಿನಾನ ಆಗಿರತೈತ್ರಿ. ಮುಂದ ಎಷ್ಟು ಹಗೂರ ಒಣಗಿಸಿದ್ರೂ ಹೋಗೂದಿಲ್ರಿ ಅದು,” ಎಂದ ಬಸವರಾಜ.

ಅವರು ತುಂಡನ್ನು ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು, ಮೇಜಿನ ಮೇಲೆ ಇಟ್ಟರು. “ಹಲಗಿ ಹಿಂದಿಂದು ಇಟ್ಕೋತೈತ್ರಿ. ಹಂಗಾರ ಲೆಕ್ಕನೂ ಇಟ್ಕೋಬೇಕು. ಇವತ್ತಿನ ತೇವ ಅಷ್ಟ ಕೇಳಿದ್ರ ಸಾಲೂದಿಲ್ಲ, ನಿನ್ನಿ ಏನಾಗಿತ್ತು ಅನ್ನೂದೂ ಬೇಕು. ಆ ಸಂಖ್ಯಾ ಅಲ್ಲಿರೂದು ತಪ್ಪಲ್ಲ. ಇರದಿದ್ರ ತಪ್ಪು.”

“ಹಂಗಾದ್ರ ನೀವ ಇಟ್ಟದ್ದೇನ್ರಿ ಅಕ್ಕಾರ?”

ಅವರು ಕುರ್ಚಿ ಎಳೆದುಕೊಂಡು ಕುಳಿತರು. “ಇಡಬೇಕು ಅನ್ನೂದು ಗೊತ್ತೈತ್ರಿ. ಇಟ್ಟದ್ದು ನೆನಪಿಲ್ಲ.”

ಈ ಮಾತನ್ನು ಅವರು ಹೀಗೇ ಹೇಳಿದರು ಎಂದು ನಾನು ಪ್ರಮಾಣ ಮಾಡಬಲ್ಲೆ. ಬೇರೆ ಯಾವುದರ ಬಗ್ಗೆಯೂ ಅಲ್ಲ.

ಹೊಸ ಪ್ರೋಗ್ರಾಮಿನಲ್ಲಿ ಬದಲಿಸಬೇಕಾಗಿದ್ದದ್ದು ಬಹಳ ಸಣ್ಣದು. ‘ಒಣಗು’ ಶುದ್ಧ ಫಂಕ್ಷನ್ ಎಂದು ಕೊಟ್ಟಿದ್ದ ಮಾತನ್ನು ಹಿಂತೆಗೆದುಕೊಂಡು, ಇದಕ್ಕೆ ನೆನಪಿದೆ, ಆದ್ದರಿಂದ ಒಂದರ ನಂತರ ಒಂದು ಎಂದು ಕ್ರಮವಾಗಿಯೇ ಕರೆಯತಕ್ಕದ್ದು ಎಂದು ಹೇಳಬೇಕಿತ್ತು. ಹೇಳಿದೆ. ಅಕ್ಕಾರು ಪಕ್ಕದಲ್ಲಿ ಕುಳಿತು, “ನಿಮ್ಮ ಭಾಷಾಕ್ಕ ನೆನಪಿದ್ದವರು ಅಂದ್ರ ಇಷ್ಟ್ಯಾಕ ಅಂಜಿಕಿ?” ಎಂದರು. ನೆನಪಿದ್ದವರು ಪ್ರತಿ ಸಲ ಬೇರೆ ಹೇಳುತ್ತಾರೆ, ಅದಕ್ಕೆ ಎಂದೆ. “ಮತ್ತ ನೆನಪಿಲ್ಲದವರು?” ಎಂದರು. ಅಷ್ಟರಲ್ಲಿ ಚಹ ಬಂತು.

ಕ್ಯಾಸಲ್‌ರಾಕ್‌ನ ಹಲಗೆಗಳನ್ನು ಒಳಗಿಟ್ಟೆವು. ಭಟ್ಟಿ ನಿಲ್ಲದೆ ಓಡಿತು. ಈ ಮಧ್ಯೆ ಸಾವ್ಕಾರರು ಪ್ರೊಫೆಸರರ ವಿಷಯ ವಿಚಾರಿಸಿದರು. ಅವರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಕೇಳಬಹುದಾದವರು ಯಾರೂ ಉಳಿದಿರಲಿಲ್ಲ.

ಬಾಗಿಲು ತೆರೆದ ದಿನ ನಾವೆಲ್ಲ ಭಟ್ಟಿಯ ಮುಂದೆ ನಿಂತಿದ್ದೆವು. ಒಳಗಿನ ಹಬೆ ಹೊರಗೆ ಹೋಗಲೆಂದು ಪಂಖಗಳನ್ನು ಇನ್ನೂ ಓಡಲು ಬಿಟ್ಟಿದ್ದರು, ಗಟ್ಟಿಯಾಗಿ ಕೂಗಿದರೆ ಮಾತ್ರ ಕೇಳುವಷ್ಟು ಸದ್ದು. ಬಸವರಾಜ ತುಂಡು ಕೊಯ್ದ. ಹಲ್ಲುಗಳು ನೆಟ್ಟಗೆ ನಿಂತವು. ಇನ್ನೊಂದು ಕೊಯ್ದ, ಅದೂ ನೆಟ್ಟಗಿತ್ತು. ಸಾವ್ಕಾರರಿಗೆ ಖುಷಿಯಾಗಿತ್ತು. ನನ್ನ ಕಡೆ ತಿರುಗಿ, “ಒಣಗು ಇರ್ಲಿ, ಬ್ಯಾರೇದು ತರೂದು ಬ್ಯಾಡ. ಹೆಸರಿಂದೇನ್ರಿ?” ಎಂದು ಕೂಗಿದರು.

ನಾನು ಉತ್ತರ ಕೊಡುವ ಮೊದಲು ಅಕ್ಕಾರು ನನ್ನ ತೋಳು ಮುಟ್ಟಿ, ಹತ್ತಿರ ಬಂದು ಕೂಗಿ ಕೇಳಿದರು.

“ನೀವು ಆ ಫೈಲ್ ತಗದು ಪೂರಾ ಓದೀರಲ್ಲ. ಯಾರ ಕೈ ಅಂತ ಕಂಡಿತೇನ್ರಿ?”

ಹಾಗೆ ಕೇಳುವಾಗ ಅವರ ಮುಖ ಪರೀಕ್ಷೆಯ ಫಲಿತಾಂಶ ನೋಡಲು ಬಂದವರಂತಿತ್ತು. ಅವರು ಕೇಳುತ್ತಿದ್ದದ್ದು ಸಾವ್ಕಾರರಿಗಾಗಿ ಅಲ್ಲ. ತಾವು ಒಂದು ಕಾಲಕ್ಕೆ ಇಷ್ಟನ್ನು ಯೋಚಿಸಿ ಬರೆದಿದ್ದೆವೋ ಇಲ್ಲವೋ ಎಂಬುದು ಅವರಿಗೇ ಬೇಕಾಗಿತ್ತು, ನನ್ನನ್ನು ಬಿಟ್ಟರೆ ಕೇಳಲು ಬೇರೆ ಯಾರೂ ಇರಲಿಲ್ಲ.

“ಇಲ್ರಿ ಅಕ್ಕಾರ,” ಎಂದೆ. “ಕಂಪೈಲ್ ಆದಮ್ಯಾಲ ಯಾರ ಕೈ ಅನ್ನೂದು ಉಳಿಯೂದಿಲ್ರಿ.”

ಅದು ನಿಜ. ಬರೆದವರು ಇಟ್ಟ ಒಳ ಹೆಸರುಗಳು, ಟಿಪ್ಪಣಿಗಳು, ಬರೆಯುವವರ ರೂಢಿ ಎಲ್ಲ ಅಲ್ಲಿಗೆ ಹೋಗಿಬಿಡುತ್ತವೆ. ಇವತ್ತು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

ಅಕ್ಕಾರು ತಲೆಯಾಡಿಸಿದರು. ಕೈಯಲ್ಲಿದ್ದ ತುಂಡನ್ನು ತಿರುಗಿಸಿ ನೋಡಿದರು, ಅದರ ನೆಟ್ಟಗಿನ ಹಲ್ಲುಗಳ ನಡುವೆ ಬೆರಳು ಆಡಿಸಿದರು. ಆಮೇಲೆ ಒಂದು ಮಾತು ಹೇಳಿ, ನಕ್ಕು, ತುಂಡನ್ನು ಬಸವರಾಜನ ಕೈಗೆ ಕೊಟ್ಟು ಹೊರಟರು. ಅದಾದ ಮೇಲೆ ಅವರು ಭಟ್ಟಿಗೆ ಬಂದದ್ದು ಕಡಿಮೆ. ಬಂದಾಗಲೂ ‘ನಾ ಬರದದ್ದು’ ಎಂದು ಅವರ ಬಾಯಲ್ಲಿ ಮತ್ತೆ ಕೇಳಲಿಲ್ಲ. ಮೊದಲ ಪುಟದಲ್ಲಿ ‘ಒಣಗು’ ಎಂಬುದರ ಮುಂದೆ ಖಾಲಿ ಜಾಗ ಹಾಗೇ ಉಳಿಯಿತು.

ಕಳೆದ ವಾರ ಸಾವ್ಕಾರರು ಬಂದು, “ಈಗರೆ ಅಕ್ಕಾರ ಹೆಸರು ಹಾಕಿಬಿಡೂಣೇನ್ರಿ?” ಎಂದರು. ಸತ್ತವರ ಹೆಸರಿಗೆ ಖಾತ್ರಿ ಬೇಕಿಲ್ಲ ಎನ್ನುವಂತಿತ್ತು ಅವರ ದನಿ. ಅಕ್ಕಾರು ಅಂದು ಏನು ಹೇಳಿ ಹೋದರು ಎಂಬುದರ ಮೇಲೆ ಅದು ನಿಂತಿದೆ ಎಂದೆ. ಬಸವರಾಜನನ್ನು ಕರೆದೆವು. ಅಂದು ನಾನೂ ಅವನೂ ಅಕ್ಕಾರರಿಗೆ ಒಂದೇ ಅಳತೆಯ ದೂರದಲ್ಲಿ ನಿಂತಿದ್ದವರು.

ನನಗೆ ಕೇಳಿದ್ದು ಇದು: “ಹಂಗಾದ್ರ ಯಾರೋ ಒಬ್ಬಾಕಿ ಶಾಣ್ಯಾಕಿ ಇದ್ಲು ಬಿಡ್ರಿ.”

ಬಸವರಾಜನಿಗೆ ಕೇಳಿದ್ದು: “ಹಂಗಾದ್ರ ಯಾರೋ ಒಬ್ಬಾಂವ ಶಾಣ್ಯಾ ಇದ್ದ ಬಿಡ್ರಿ.”

ಅವನಿಗೆ ಸಂಶಯವಿಲ್ಲ. ನನಗೆ ಇದೆ, ನನಗೆ ಹಾಗೆ ಕೇಳಲಿ ಎಂದಿತ್ತೇನೋ. ‘ಆಕಿ’ ಎಂದಿದ್ದರೆ, ನೆನಪಿಲ್ಲದಿದ್ದರೂ ಅವರು ಅದನ್ನು ತಮ್ಮದೆಂದು ತೆಗೆದುಕೊಂಡು ಹೋದರು. ‘ಆಂವ’ ಎಂದಿದ್ದರೆ ಪ್ರೊಫೆಸರರಿಗೇ ಬಿಟ್ಟು ಹೋದರು. ಪಂಖಗಳು ಓಡುತ್ತಿದ್ದವು, ಶಬ್ದಗಳ ಕೊನೆ ನಮ್ಮಿಬ್ಬರಲ್ಲಿ ಯಾರಿಗೂ ಸರಿಯಾಗಿ ಕೇಳಿರಲಿಕ್ಕಿಲ್ಲ. ನಕ್ಕದ್ದು ಮಾತ್ರ ಇಬ್ಬರಿಗೂ ಕಂಡಿತ್ತು.